ಮುರಗೆಪ್ಪನ ಕೊರಳಿನ ದಾರ

ಸನಮಡಿ
ಬುಧವಾರ, ೧೨ ನವೆಂಬರ್ ೨೦೨೫

ನನ್ನ ಮುದ್ದಿನ ತಂಗಿ ಶಿವಲಿಂಗವ್ವಗೆ,

ನಿನ್ನ ಅಕ್ಕನ ತುಂಬು ಮನಸ್ಸಿನ ಆಶೀರ್ವಾದ. ಬೆಳುಂಕಿಯಲ್ಲಿ ನೀವೆಲ್ಲ ಆರಾಮ ಇದ್ದೀರಿ ಎಂದುಕೊಂಡೇ ಬರೆಯುತ್ತಿದ್ದೇನೆ. ಫೋನಿನಲ್ಲಿ ಹೇಳಬಹುದಿತ್ತು. ಆದರೆ ನೀನು ನಡುವೆ ಬಾಯಿ ಹಾಕುತ್ತೀ, ನನಗೆ ಸಿಟ್ಟು ಬರುತ್ತದೆ, ಹೇಳಬೇಕಾದದ್ದು ಅಲ್ಲೇ ಉಳಿಯುತ್ತದೆ. ಈ ಕಾಗದವನ್ನು ಪೂರಾ ಓದಿದ ಮೇಲೆ ಬಯ್ಯುವುದಿದ್ದರೆ ಬಯ್ಯಿ.

ಸೋಮವಾರ ಜತ್ತಿಗೆ ಹೋಗಿ ನಮ್ಮ ಮುರಗೆಪ್ಪನನ್ನು ನೋಡಿಬಂದೆ. ಐವತ್ತು ದಾಟಿದ ಗಂಡಸು, ನನ್ನನ್ನು ಕಂಡರೆ ಈಗಲೂ ಸಣ್ಣ ಹುಡುಗನ ಹಾಗೆ ಚಪ್ಪಾಳೆ ಹೊಡೆಯುತ್ತಾನಲ್ಲ, ಮೊನ್ನೆ ಮಂಚದಿಂದ ಏಳಲೇ ಇಲ್ಲ. ನನ್ನ ಕೈ ಹಿಡಿದು ತನ್ನ ಎದೆಯ ಮೇಲಿಟ್ಟುಕೊಂಡ. ಬರೀ ಎಲುಬು ನೋಡು. ಕೊರಳಲ್ಲಿ ಶಿವದಾರ ಇಲ್ಲ, ಎದೆಯ ಮೇಲೆ ಲಿಂಗ ಇಲ್ಲ.

ಬುದ್ಧಿ ಬೆಳೆಯದ ಅವನಂಥವರನ್ನು ಚಲೋ ನೋಡಿಕೊಳ್ಳುತ್ತಾರೆ, ಹಗಲೂ ರಾತ್ರಿ ಮಂದಿ ಇರುತ್ತಾರೆ ಎಂದೇ ನಾವಿಬ್ಬರೂ ಕೂಡಿ ಆ ಆಶ್ರಮದಲ್ಲಿ ಬಿಟ್ಟುಬಂದದ್ದು. ಅಲ್ಲಿ ಅಡಿಗೆ, ಆರೈಕೆ ಎಲ್ಲ ಮಾಡುವ ಪೂನಮ ಎಂಬ ಹೆಣ್ಣುಮಗಳ ಮೇಲೆ ಹಾಯ್ದುಹೋದೆ. "ಯಾರನ್ನ ಕೇಳಿ ಬಿಚ್ಚಿದೆವ್ವಾ? ಉಪಾಸ ಕೆಡವಿ ಕೊಲ್ಲಾಕ ನಿಂತೀರೇನ ನನ್ನ ತಮ್ಮನ್ನ?" ಎಂದೆ. ಉಳಿದವರೆಲ್ಲ ಹೆದರಿ ಗೋಡೆಗೆ ಅಂಟಿಕೊಂಡರು.

"ಮಾವಶಿ, ಮೊದಲ ಕುಂದ್ರಿ," ಎಂದಳು ಅವಳು. ಇಪ್ಪತ್ತು ದಿನದ ಹಿಂದೆ ಒಂದು ಮಧ್ಯಾಹ್ನ ಮಲಗಿದ್ದಾಗ ಮಂಚದ ಕಬ್ಬಿಣದ ಮೂಲೆಗೆ ದಾರ ಸಿಕ್ಕಿಕೊಂಡಿತ್ತಂತೆ. ಇವನು ಗಾಬರಿಯಾಗಿ ಹೊರಳಿದಷ್ಟೂ ಬಿಗಿಯಿತಂತೆ. ಅವಳು ಓಡಿಬಂದಾಗ ಮುಖ ಕಪ್ಪಿಟ್ಟಿತ್ತು, ಕಾಯಿಪಲ್ಯ ಹೆಚ್ಚುತ್ತಿದ್ದ ಚಾಕುವಿನಿಂದಲೇ ದಾರ ಕೊಯ್ದಳಂತೆ. ಕೊರಳು ತೋರಿಸಿದಳು. ಗೆರೆ ಇನ್ನೂ ಇದೆ, ನಾನು ಕೈಯಾಡಿಸಿ ನೋಡಿದೆ. ಅಂದಿನಿಂದ ಅಲ್ಲಿ ಯಾರ ಕೊರಳಲ್ಲೂ ದಾರ, ತಾಯತ, ಸರ ಯಾವುದೂ ಇರಕೂಡದು ಎಂದು ಕಟ್ಟಪ್ಪಣೆ.

ಲಿಂಗ ಎಲ್ಲಿ ಎಂದೆ. ಆಫೀಸಿನ ಕೋಣೆಯಲ್ಲಿ ಎತ್ತರದ ದೇವರ ಮಾಡದಲ್ಲಿ ಕರಡಿಗೆ ಸಮೇತ ಇಟ್ಟಿದ್ದಾಳೆ, ದಿನಾ ಹೂವು ಏರಿಸುತ್ತಾಳೆ. ಕೋಣೆಗೆ ಕೀಲಿ. ಅಂದಿನಿಂದ ಮುರಗೆಪ್ಪ ತಾಟು ಮುಂದಿಟ್ಟರೆ ಎಡಗೈ ಚಾಚಿ ಕೂರುತ್ತಾನಂತೆ. ಅವಳು ಆ ಕೈಗೆ ರೊಟ್ಟಿ ಕೊಟ್ಟರೆ ಕೆಳಗಿಟ್ಟು ಮತ್ತೆ ಚಾಚುತ್ತಾನಂತೆ. ಬಲವಂತ ಮಾಡಿದರೆ ಎರಡು ತುತ್ತು ನುಂಗಿ ಅಳುತ್ತಾನಂತೆ. ಹಲ್ಲುನೋವಿರಬೇಕು ಎಂದು ಡಾಕ್ಟರರ ಹತ್ತಿರ ಒಯ್ದು, ಅಲ್ಲಾಡುತ್ತಿದ್ದ ಒಂದು ಹಲ್ಲನ್ನೂ ಕೀಳಿಸಿದರು!

ನಾನು ಲಿಂಗ ತರಿಸಿ ಅವನು ಚಾಚಿದ ಎಡ ಅಂಗೈಯಲ್ಲಿಟ್ಟೆ. ನಮ್ಮಪ್ಪ ಕಲಿಸಿದ ಹಾಗೆಯೇ ನೋಡಿದ, ಕಣ್ಣಿಗೊತ್ತಿಕೊಂಡ. ಆಮೇಲೆ ಎರಡು ರೊಟ್ಟಿ ತಿಂದು ಮೂರನೆಯದಕ್ಕೆ ತಾಟು ಬಡಿದ. ಪೂನಮ ಸಾರಿನ ಹುಟ್ಟು ಹಿಡಿದು ನಿಂತೇಬಿಟ್ಟಳು. "ಇಷ್ಟಕ್ಕೇನ್ರಿ? ನಾ ಹಲ್ಲ ಕೀಳಿಸಿದ್ನಲ್ರಿ, ಮಾವಶಿ! ನಮ್ಮ ಮನ್ಯಾಗ ದೇವ್ರನ್ನ ಮ್ಯಾಲ ಇಟ್ಟು ಕೈ ಮುಗೀತೀವಿ. ಇವ್ರು ಕೈಯಾಗ ಹಿಡ್ಕೊಂಡಽ ಉಣ್ಣೂದು ಅಂತ ನನಗ್ಯಾರು ಹೇಳ್ಯಾರ್ರಿ?"

ಹೌದಲ್ಲ, ಯಾರು ಹೇಳಿದ್ದೆವು? ನಾಯಿಗೆ ಅಂಜುತ್ತಾನೆ, ಫಿಟ್ಸಿನ ಗುಳಿಗೆ ಬೆಲ್ಲದಲ್ಲಿ ಕೊಡಿರಿ, ಶೇಂಗಾ ಹೋಳಿಗೆ ಕಂಡರೆ ಬಿಡುವುದಿಲ್ಲ, ಎಲ್ಲ ಹೇಳಿದೆವು. ಇದನ್ನು ಮಾತ್ರ ಹೇಳಲಿಲ್ಲ. ಉಸಿರಾಡುತ್ತಾನೆ ಎಂದು ಯಾರಾದರೂ ಹೇಳುತ್ತಾರೇನು? ಹಾಗಾದರೆ ಅವರು ನಮಗೆ ಫೋನ್ ಹಚ್ಚಿ ಒಂದು ಮಾತು ಕೇಳಬಾರದಿತ್ತೇ? ಮ್ಯಾನೇಜರ ಕಲ್ಮೇಶನನ್ನು ಕೇಳಿದರೆ, ಭೇಟಿಗೆ ಬಂದಾಗ ಹೇಳೋಣ ಅಂತಿದ್ದೆ ಎಂದ. ಕೊರಳು ಬಿಗಿದದ್ದು ಭೇಟಿಗೆ ಕಾಯುವ ಸುದ್ದಿಯೇ, ನೀನೇ ಹೇಳು. ಅವನೇ ಮುಂದೆ ಅಂದ: "ದಾರ ಕಟ್ಟೂದಾದ್ರ ಮನಿಗೆ ಕರ್ಕೊಂಡು ಹೋಗ್ರಿ. ಇಲ್ಲಿರೂದಾದ್ರ ದಾರ ಇಲ್ಲ. ನಾಳೆ ಜೀವ ಹೋದ್ರ ನೀವಽ ನನ್ನ ಕೊರಳಪಟ್ಟಿ ಹಿಡಿತೀರಿ." ರವಿವಾರದೊಳಗೆ ಉತ್ತರ ಹೇಳಬೇಕು.

ನನಗೆ ಒಂದೂ ತಿಳಿಯದಾಗಿದೆ, ಶಿವಲಿಂಗೂ. ಪೂನಮಳನ್ನು ಬಯ್ಯೋಣ ಎಂದರೆ ಅವಳು ಇಲ್ಲದಿದ್ದರೆ ಅವನಿರುತ್ತಿರಲಿಲ್ಲ. ಹರಸೋಣ ಎಂದರೆ ಅವನ ಎಲುಬು ಕಣ್ಣ ಮುಂದೆ ಬರುತ್ತದೆ. ನಮ್ಮ ಮನೆಯಲ್ಲಿ ಜನ್ಮವಿಡೀ ದಾರ ಕಟ್ಟಿಕೊಂಡೇ ಮಲಗಿದ, ಏನೂ ಆಗಲಿಲ್ಲ ಎನ್ನುತ್ತೀ. ಆಗಲಿಲ್ಲ ಎಂದರೆ ಆಗುವುದೇ ಇಲ್ಲ ಎಂದೇ? ಬನಿಯನ್ನಿನ ಒಳಗೆ, ಎದೆಯ ಹತ್ತಿರ ಕಿಸೆ ಹೊಲಿದು ಅದರಲ್ಲಿಟ್ಟರೆ ಹೇಗೆ ಎಂದೆ. ಅದಕ್ಕೆ ತನ್ನ ಅಡ್ಡಿ ಇಲ್ಲ ಎಂದ ಕಲ್ಮೇಶ. ಆದರೆ ಅಲ್ಲಿ ಒಗೆಯಲು ಎಲ್ಲರ ಬನಿಯನ್ನುಗಳೂ ಒಂದೇ ಬಕೀಟಿಗೆ ಬೀಳುತ್ತವೆ. ಪೂನಮ ರಜೆ ಹಾಕಿದ ದಿನ ಕಿಸೆಯ ಲಿಂಗ ತೆಗೆದಿಡುವವರು ಯಾರು? ದಾರವಿಲ್ಲದೆ ಇಟ್ಟರೆ ಅಪ್ಪ ಮೆಚ್ಚುತ್ತಿದ್ದನೇ? ಅವನನ್ನು ಕರೆದುಕೊಂಡೇ ಬರಲೇ? ನಿನಗೆ ಯಾವುದು ಸರಿ ಎನಿಸುತ್ತದೆ, ಲಗೂನ ತಿಳಿಸು.

ಮಕ್ಕಳಿಗೆ ನನ್ನ ಮುತ್ತು.

ಉತ್ತರದ ದಾರಿ ನೋಡುತ್ತ ಕುಳಿತಿರುವ
ನಿನ್ನ ಅಕ್ಕ
ಇಂದ್ರಾಬಾಯಿ

ತಾ. ಕ.: ಒಂದು ಮಾತನ್ನು ಮೇಲೆ ಬರೆಯಲು ಕೈ ಬರಲಿಲ್ಲ. ಹೊರಡುವಾಗ ನಾನು ಅವನ ಅರಿವೆಗಳನ್ನು ಗಂಟು ಕಟ್ಟಿ, "ಮನಿಗೆ ಹೋಗೂಣ ನಡಿಯೋ, ಮುರಗ್ಯಾ," ಎಂದು ಕೈ ಹಿಡಿದೆ. ಅವನು ಗಂಟು ಬಿಚ್ಚಿ, ಅರಿವೆಗಳನ್ನು ಮತ್ತೆ ತನ್ನ ಮಾಡದಲ್ಲಿಟ್ಟ. ಆಮೇಲೆ ಮಂಚದ ಮೇಲೆ ಸರಿದು ಕೂತು, ಪಕ್ಕದ ಜಾಗ ತಟ್ಟಿ ತೋರಿಸಿದ, ನೀನೂ ಇಲ್ಲೇ ಇರು ಎನ್ನುವ ಹಾಗೆ. ನಿನ್ನ ಹತ್ತಿರ ಹೊಲಿಗೆ ಮಷಿನ್ ಇದೆಯಲ್ಲ, ಅವನ ಅಳತೆಯ ಹೊಸ ಬನಿಯನ್ನು ಕೊಂಡು, ಎಲ್ಲಕ್ಕೂ ಕಿಸೆ ಹೊಲಿದು ರವಿವಾರ ಜತ್ತಿಗೇ ಬಾ. ಬಕೀಟಿನ ಮಾತು ಪೂನಮಳ ಹತ್ತಿರ ನಾನು ಆಡುತ್ತೇನೆ.