ಇಟ್ಟಿಗೆಯ ಸಂದಿಯ ಗರಿಕೆ

ಬೆಳಗಾವಿ,
ಐವತ್ತೆರಡು ದಿನ ನಡೆದ ಫಾಲ್ಗುಣದ ನಂತರ ಬಂದ ಚೈತ್ರದ ಎಂಟನೆಯ ದಿನ,
ಶಾಲಿವಾಹನ ಶಕೆ ೨೧೦೬

ನಮ್ಮ ಅಂಗಳದಲ್ಲಿ ಇಟ್ಟಿಗೆಗಳನ್ನು ಓರೆಯಾಗಿ ನೆಟ್ಟವರಿಗೆ,

ಮಾನ್ಯರೇ,

ಮೇಲಿನ ತಾರೀಖನ್ನು ಕಂಡು ಬರೆದವನ ಬುದ್ಧಿಯ ಬಗ್ಗೆ ನಿಮಗೆ ಅನುಮಾನ ಬಂದರೆ ಅದು ಸಹಜ. ನಿಮ್ಮ ಕಾಲದಲ್ಲಿ ತಿಂಗಳುಗಳು ಪಂಚಾಂಗದ ಮಾತು ಕೇಳುತ್ತಿದ್ದವು. ನಮ್ಮಲ್ಲಿ ಅವು ಮಳೆಯ ಮಾತು ಕೇಳುತ್ತವೆ. ವಸಂತದ ಮೊದಲ ಮಳೆ ನೆಲ ತೋಯಿಸುವವರೆಗೆ ಫಾಲ್ಗುಣ ಮುಗಿಯುವುದಿಲ್ಲ. ಮಳೆ ಬಿದ್ದ ಮರುದಿನವೇ ಯುಗಾದಿ. ಹೀಗಾಗಿ ಪ್ರತಿ ಮನೆಯಲ್ಲೂ ಬೇವುಬೆಲ್ಲ ವಾರಗಟ್ಟಲೆ ಸಿದ್ಧವಾಗಿ ಕಾಯುತ್ತದೆ. ಮಕ್ಕಳು ಬೆಲ್ಲವನ್ನಷ್ಟೇ ಆರಿಸಿ ತಿನ್ನುತ್ತಾರೆ, ಹಬ್ಬ ಬರುವ ಹೊತ್ತಿಗೆ ಬಟ್ಟಲಲ್ಲಿ ಬೇವು ಮಾತ್ರ ಉಳಿದಿರುತ್ತದೆ. ಈ ಓಲೆಯಲ್ಲಿ ಇಂಥ ಅಪರಿಚಿತ ಸಂಗತಿಗಳೂ ಪದಗಳೂ ಇನ್ನಷ್ಟು ಬರಲಿವೆ. ಅದಕ್ಕಾಗಿ ಕ್ಷಮೆ ಕೋರುತ್ತೇನೆ. ಸಾಧ್ಯವಾದಷ್ಟು ಅಲ್ಲಲ್ಲೇ ವಿವರಿಸುತ್ತೇನೆ.

ಯುಗಾದಿಯ ದಿನಗಳಲ್ಲಿ ಹಿಂದಿನವರಿಗೊಂದು ಓಲೆ ಬರೆದು ಅಂಗಳದ ಮಣ್ಣಿನಲ್ಲಿ ಹೂಳುವುದು ನಮ್ಮ ಕಾಲದ ಪದ್ಧತಿ. ಬಹುಪಾಲು ಜನ ಅದರಲ್ಲಿ ನಿಮ್ಮನ್ನು ಬಯ್ಯುತ್ತಾರೆ. ನಾನು ಇದುವರೆಗೆ ಒಂದನ್ನೂ ಬರೆದವನಲ್ಲ. ಉತ್ತರ ಕೊಡಲಾಗದ ಎದುರಾಳಿಯೊಡನೆ ವಾದಕ್ಕಿಳಿಯುವುದು ನ್ಯಾಯವಲ್ಲವೆಂದು ಕಾಲೇಜಿನ ಚರ್ಚಾಕೂಟದಲ್ಲಿ ಕಲಿತಿದ್ದೆ, ಇಂದಿಗೂ ಅದನ್ನೇ ನಂಬಿದ್ದೇನೆ. ಈ ವರ್ಷ ಬರೆಯುತ್ತಿರುವುದು ವಾದಿಸಲು ಅಲ್ಲ. ನಿಮಗೆ ಕೃತಜ್ಞತೆ ಸಲ್ಲಿಸಬೇಕಾಗಿದೆ; ಒಂದು ಕೋರಿಕೆಯೂ ಇದೆ.

ಆದರೂ ಮೊದಲೇ ಸ್ಪಷ್ಟಪಡಿಸುತ್ತೇನೆ, ನಾನು ನಿಮ್ಮ ಪಕ್ಷದವನಲ್ಲ. ‘ಪೂರ್ವಿಕರ ಹುಲ್ಲುಹಾಸು ಒಂದು ಅಪರಾಧ’ ಎಂಬ ವಿಷಯದ ಪರವಾಗಿ ಮಾತನಾಡಿ ಅಂತರಕಾಲೇಜು ಪಾರಿತೋಷಕ ಗೆದ್ದವನು. ಕುಡಿಯುವ ನೀರನ್ನು ತಿನ್ನಲಾಗದ ಹುಲ್ಲಿಗೆ ಸುರಿದವರು, ಅದನ್ನು ಬೆಳೆಸಿ, ಬೆಳೆಯಿತೆಂದು ಕತ್ತರಿಸಿ, ಕತ್ತರಿಸಿದ್ದನ್ನು ಕಸಕ್ಕೆ ಎಸೆದವರು ಎಂದು ನಿಮ್ಮನ್ನು ವರ್ಣಿಸಿದಾಗ ಸಭೆ ಬಹಳ ಹೊತ್ತು ಚಪ್ಪಾಳೆ ತಟ್ಟಿತ್ತು. ಆ ಭಾಷಣದ ಕೊನೆಯ ವಾಕ್ಯ ಇದು: ‘ಅವರ ಹುಲ್ಲಿನಿಂದ ನಮಗೆ ಉಳಿದದ್ದು ಏನೂ ಇಲ್ಲ.’

ಮುಂದೆ ಊಟಕ್ಕೆ ಕುಳಿತಾಗ ಈ ಭಾಷಣವನ್ನು ಮಗಳಿಗೆ ಎಷ್ಟೋ ಸಲ ಒಪ್ಪಿಸಿದ್ದೇನೆ. ಅವಳ ಹೆಸರು ನೀಲಾಂಬಿಕೆ. ನಾವು ನೀಲಾ ಎನ್ನುತ್ತಿದ್ದೆವು. ನಾನು ಯಾವ ಪಕ್ಷ ಹಿಡಿದರೂ ಅವಳದು ಎದುರು ಪಕ್ಷ. “ಅಪ್ಪಾ, ಅವ್ರಿಗೂ ಸಂಜೀಕ ಕುಂಡ್ರಾಕ ಒಂದು ಜಾಗಾ ಬ್ಯಾಡೇನು? ನೀ ಇದ್ದಿದ್ರ ಅವ್ರನ್ನ ಕಲ್ಲಿನ ಮ್ಯಾಲ ಕುಂಡ್ರಸ್ತಿದ್ದಿ” ಎಂದು ರೊಟ್ಟಿ ಮುರಿಯುತ್ತ ಹೇಳುತ್ತಿದ್ದಳು. ಕುಳಿತುಕೊಳ್ಳುವುದು ಒಂದು ವಾದವಲ್ಲ ಎಂದು ನಾನು ಗದರುತ್ತಿದ್ದೆ. “ಮೆತ್ತಗ ಕುಂತು ನೋಡು, ಆಮ್ಯಾಲ ವಾದಾನ ಬ್ಯಾಡ ಅನಸ್ತೈತಿ” ಎಂಬುದು ಅವಳ ಉತ್ತರ. ಅಂಕ ಕೊಡುವ ತೀರ್ಪುಗಾರರು ಅಡುಗೆಮನೆಯಲ್ಲಿ ಇರಲಿಲ್ಲ. ಆದ್ದರಿಂದ ಪ್ರತಿ ಸಲವೂ ನಾನೇ ಗೆದ್ದೆನೆಂದು ಘೋಷಿಸಿಕೊಂಡು ಕೈತೊಳೆಯಲು ಏಳುತ್ತಿದ್ದೆ.

ಹೋದ ಶ್ರಾವಣದಲ್ಲಿ ಜ್ವರ ಬಂದು ನೀಲಾ ತೀರಿಕೊಂಡಳು. ಹದಿನಾರರ ಹುಡುಗಿ. ಈ ಬಗ್ಗೆ ಹೆಚ್ಚು ಬರೆಯುವುದಿಲ್ಲ.

ನಮ್ಮಲ್ಲಿ ತೀರಿಕೊಂಡವರನ್ನು ಊರಾಚೆಯ ಸಾರ್ವಜನಿಕ ಹೊಲದಲ್ಲಿ ಮಣ್ಣು ಮಾಡುತ್ತಾರೆ. ಅಲ್ಲಿಂದ ಒಂದು ಹೆಡಿಗೆ ಮಣ್ಣನ್ನು ಮನೆಗೆ ತಂದು, ಅಂಗಳದಲ್ಲಿ ಹರಡಿ, ಅದರ ಮೇಲೆ ಹುಲ್ಲು ಬಿತ್ತುವ ಹಕ್ಕು ಪ್ರತಿ ಕುಟುಂಬಕ್ಕೂ ಇದೆ. ಆ ಪುಟ್ಟ ಜಾಗಕ್ಕೆ ಮಡಿಲುಹಾಸು ಎನ್ನುತ್ತೇವೆ. ಉಳಿದ ಅಂಗಳವೆಲ್ಲ ಬದನೆ, ಹೀರೆ, ಮೆಂತ್ಯಕ್ಕೆ ಮೀಸಲು. ಮಡಿಲುಹಾಸಿಗೆ ಎರಡೇ ನಿಯಮ. ಮನೆಯ ನೀರು ಒಂದು ತಂಬಿಗೆಯೂ ಅದಕ್ಕೆ ಬೀಳಕೂಡದು. ಇಬ್ಬನಿಯಿಂದ, ಮಳೆಯಿಂದ ಅದು ಬದುಕಬೇಕು. ಮತ್ತು ಯುಗಾದಿಯ ಏಳನೆಯ ದಿನ ಓಣಿಯ ಪಂಚರು ನೋಡಲು ಬಂದಾಗ ಅಲ್ಲಿ ಬೇರು ಹಿಡಿದ ಹಸಿರಿರಬೇಕು. ಇದ್ದರೆ ಆ ಜಾಗ ಎಂದೆಂದಿಗೂ ಆ ಮನೆಯದು, ಸಂಜೆಯ ಹೊತ್ತು ಮನೆಯವರು ಅದರ ಮೇಲೆ ಕುಳಿತುಕೊಳ್ಳಬಹುದು. ಇಲ್ಲದಿದ್ದರೆ ಹೆಡಿಗೆ ಮಣ್ಣು ಹೊಲಕ್ಕೆ ಮರಳುತ್ತದೆ, ಅಲ್ಲಿ ಬದನೆ ನೆಡುತ್ತಾರೆ. ನಿಯಮ ಕಠಿಣ, ಆದರೆ ನ್ಯಾಯವಾದದ್ದು. ನೀರಿಲ್ಲದ ಊರಿನಲ್ಲಿ ದುಃಖಕ್ಕೂ ಒಂದು ಅಳತೆ ಬೇಕು. ಮಗಳಿದ್ದಾಗ ಹಾಗೆ ಹೇಳುತ್ತಿದ್ದೆ. ಅವಳು ಹೋದ ಮೇಲೂ ಹಾಗೆಯೇ ಹೇಳಿದೆ.

ಆ ಜಾಗವನ್ನು ಅಗೆಯುವಾಗ ನನ್ನ ಗುದ್ದಲಿಗೆ ನಿಮ್ಮ ಇಟ್ಟಿಗೆಗಳು ತಗುಲಿದವು. ಗರಗಸದ ಹಲ್ಲಿನಂತೆ ಓರೆಯಾಗಿ, ಒಂದಕ್ಕೊಂದು ಆತು ನಿಂತ ಸಾಲು. ನಿಮ್ಮ ಕಾಲದವರು ಹುಲ್ಲುಹಾಸಿಗೆ ಹೀಗೆ ಅಂಚು ಕಟ್ಟುತ್ತಿದ್ದರೆಂದು ಪಕ್ಕದ ಮನೆಯ ಹಿರಿಯರಾದ ಪಾರಿಸಣ್ಣ ಚೌಗಲೆಯವರು ಹೇಳಿದರು. ಸಾಲು ಸೊಟ್ಟಗಿದೆ, ನೀವು ದಾರ ಹಿಡಿಯದೆ ನೆಟ್ಟಿದ್ದೀರಿ. ಇಟ್ಟಿಗೆಗಳ ಸಂದಿಯಲ್ಲಿ ಗರಿಕೆಯಿತ್ತು. ಗರಿಕೆ ನಮ್ಮಲ್ಲಿ ಕಳೆ. ಕೈಗೆ ಸಿಕ್ಕಷ್ಟನ್ನು ಕಿತ್ತೆಸೆದು, ಪಂಚರು ಕೊಟ್ಟ ನಯವಾದ ಹುಲ್ಲಿನ ಬೀಜವನ್ನು ಬಿತ್ತಿದೆ.

ಮಾಘದಲ್ಲಿ ಠಕ್ಕವಸಂತ ಬಂತು. ಚಳಿ ಮುಗಿಯುವ ಮೊದಲೇ ನಾಲ್ಕಾರು ದಿನ ಮೋಡ ಕವಿದು, ಗಾಳಿ ಬೆಚ್ಚಗಾಗಿ, ಗಿಡಮರಗಳನ್ನು ನಂಬಿಸಿ ಹೋಗುವ ಹವೆಗೆ ನಾವು ಇಟ್ಟ ಹೆಸರು ಅದು. ಬೇವು ಎಳೆಯ ಕೆಂಪು ಚಿಗುರು ಬಿಟ್ಟಿತು. ಮಲ್ಲಿಗೆ ಮೊಗ್ಗಾಯಿತು. ಪಾರಿಸಣ್ಣನವರ ಮಾವು ಮೈತುಂಬ ಹೂ ಬಿಟ್ಟು, ಓಣಿಯೆಲ್ಲ ಆ ವಾಸನೆಯೇ. ನೀಲಾಳ ಮಣ್ಣಿನ ಮೇಲೂ ಕೂದಲೆಳೆಯಷ್ಟು ಸಣ್ಣ ಮೊಳಕೆಗಳು ಎದ್ದವು. ಆಮೇಲೆ ಮೂಡಣದ ಒಣಗಾಳಿ ಬೀಸಿತು. ಮಾವಿನ ಹೂ ಕಪ್ಪಾಗಿ ಉದುರಿತು, ಮಲ್ಲಿಗೆಯ ಮೊಗ್ಗು ಅರಳದೆ ಬಿತ್ತು, ಮೊಳಕೆಗಳು ಹಳದಿಯಾಗಿ, ಹುಡಿಯಾಗಿ, ಗಾಳಿಯಲ್ಲಿ ಹಾರಿಹೋದವು. ಈ ನಡುವೆ ನಿಮ್ಮ ಇಟ್ಟಿಗೆಗಳ ಸಂದಿಯಿಂದ ಗರಿಕೆಯ ಬಳ್ಳಿ ಮತ್ತೆ ಮತ್ತೆ ಒಳಕ್ಕೆ ಚಾಚುತ್ತಿತ್ತು. ಬಿತ್ತಿದ್ದು ಒಣಗುತ್ತಿತ್ತು, ಬಿತ್ತದ್ದು ಬರುತ್ತಿತ್ತು. ನನಗದು ಅವಮಾನದಂತೆ ಕಂಡಿತು. ಕಂಡಾಗಲೆಲ್ಲ ಕಿತ್ತೆ. ಕೊನೆಯ ಮೊಳಕೆಯೂ ಹೋದ ಮೇಲೆ ಅಂಗಳದ ಆ ಮೂಲೆಗೆ ಹೋಗುವುದನ್ನೇ ಬಿಟ್ಟೆ.

ಫಾಲ್ಗುಣ ಮುಗಿಯದೆ ಬೆಳೆಯತೊಡಗಿತು. ಇಬ್ಬನಿಬಲೆಗಳು, ಅಂದರೆ ರಾತ್ರಿಯ ಹನಿಯನ್ನು ಹಿಡಿದು ಗಿಡದ ಬುಡಕ್ಕಿಳಿಸುವ ತೆಳುವಾದ ಜಾಲರಿಗಳು, ಬೆಳಗ್ಗೆ ಮುಟ್ಟಿದರೆ ಒಣಗಿಯೇ ಇರುತ್ತಿದ್ದವು. ಒಂದು ಬೆಳಗ್ಗೆ ನನ್ನ ಹೆಂಡತಿ ಮಹಾದೇವಿ ಪಾತ್ರೆ ಹಿಡಿದು ಹಿತ್ತಲ ಬಾಗಿಲಲ್ಲಿ ನಿಂತಿದ್ದಳು. “ಅಕ್ಕಿ ತೊಳದ ನೀರು ರೀ, ಹೆಂಗೂ ಚೆಲ್ಲೂದ. ಯಾರು ನೋಡ್ತಾರ?” ಎಂದಳು. ನಾನು ನೋಡುತ್ತೇನೆ ಎಂದೆ. ಅವಳು ಆ ನೀರನ್ನು ಬದನೆಗೆ ಹಾಕಿ ಒಳಗೆ ಹೋದಳು. ಅಲ್ಲಿಂದ ಮುಂದೆ ನನ್ನೊಡನೆ ಮಾತು ನಿಲ್ಲಿಸಿದಳು. ಪಾರಿಸಣ್ಣನವರು ಮಾತ್ರ ಗೋಡೆಯಾಚೆಯಿಂದ ದಿನಾ ಕೆಣಕುತ್ತಿದ್ದರು: “ಏನ್ರೀ ಹಂಚಿನಮನಿಯವರ, ಮುಗಲಿನ ಕೂಡ ಒಂದು ಸಲ ವಾದಾ ಮಾಡಿ ನೋಡ್ರಲಾ. ಯಾರಿಗೂ ಸೋತವರಲ್ಲ ನೀವು.” ಅವರು ನನ್ನನ್ನು ನಗಿಸಲು ಹೇಳುತ್ತಿದ್ದರೆಂದು ಈಗ ತಿಳಿಯುತ್ತದೆ.

ಕಡೆಗೊಂದು ಮಧ್ಯಾಹ್ನ ಪಡುವಣದಲ್ಲಿ ಮೋಡ ಕಟ್ಟಿ, ಗಾಳಿ ಒಮ್ಮೆಲೇ ತಣ್ಣಗಾಗಿ, ಆಲಿಕಲ್ಲಿನ ಮಳೆ ಸುರಿಯಿತು. ತೋಟಗಳ ಮೇಲೆ ಬಿಸಿಲಿಗೆಂದು ಕಟ್ಟಿದ ನೆರಳುಬಟ್ಟೆಗಳು ಹರಿದು ಜೋತುಬಿದ್ದವು. ನಮ್ಮ ಬದನೆಯ ಗಿಡಗಳು ನಡುವಿಗೆ ಮುರಿದವು, ಪಾರಿಸಣ್ಣನವರ ಹೀರೆಬಳ್ಳಿ ಚಪ್ಪರಸಮೇತ ನೆಲಕ್ಕೆ ಬಿತ್ತು. ಆದರೂ ಓಣಿಯ ಜನರೆಲ್ಲ ಬಾಗಿಲಿಗೆ ಬಂದು ತಟ್ಟೆ ಬಡಿಯುತ್ತಿದ್ದರು, ಏಕೆಂದರೆ ಫಾಲ್ಗುಣ ಮುಗಿದಿತ್ತು. ಮಳೆ ನಿಂತ ಮೇಲೆ ನಿಮ್ಮ ಓರೆ ಇಟ್ಟಿಗೆಗಳ ಸಂದಿಯಲ್ಲಿ ಆಲಿಕಲ್ಲು ತುಂಬಿ ನಿಂತದ್ದನ್ನು ಕಿಟಕಿಯಿಂದ ನೋಡಿದೆ. ಬಯಲಲ್ಲಿ ಬಿದ್ದದ್ದು ಹರಿದುಹೋಯಿತು. ಅಲ್ಲಿದ್ದದ್ದು ಮಾತ್ರ ನಿಧಾನವಾಗಿ ಕರಗಿ, ಕರಗಿದ್ದೆಲ್ಲ ಅಲ್ಲೇ ಇಂಗಿತು.

ಕೆಲವು ದಿನಗಳ ನಂತರ ಮಹಾದೇವಿ ಬಾಗಿಲಲ್ಲಿ ನಿಂತು, ಮಾತಾಡದೆ, ಅಂಗಳದತ್ತ ಕೈ ತೋರಿಸಿದಳು. ನಾನು ಕಾಲಿಡದಿದ್ದ ವಾರಗಳಲ್ಲಿ ಗರಿಕೆ ಒಣ ಹುರಿಯಂತೆ ಮಡಿಲುಹಾಸಿನ ಈ ಅಂಚಿನಿಂದ ಆ ಅಂಚಿಗೆ ಹರಿದಿತ್ತು. ಈಗ ಅದರ ಗಿಣ್ಣುಗಿಣ್ಣಿನಲ್ಲೂ ಹಸಿರು ಒಡೆದಿತ್ತು.

ನಿನ್ನೆ ಪಂಚರು ಬಂದರು. ಹಿರಿಯರಾದ ಶಬಾನಾ ಮುಲ್ಲಾ ಕುಕ್ಕರಗಾಲಲ್ಲಿ ಕುಳಿತು ಒಂದು ಬಳ್ಳಿಯನ್ನು ಹಿಡಿದು ಎಳೆದರು. ಅದು ಬರಲಿಲ್ಲ. ಅವರು ಒಪ್ಪಿ ತಲೆಯಾಡಿಸಿ ಏಳುವಷ್ಟರಲ್ಲಿ ನಾನು ಮಾತಾಡಿದೆ. ಇದು ನಾನು ಬಿತ್ತಿದ ಹುಲ್ಲಲ್ಲ, ಇದು ಕಳೆ, ಮಾಘದುದ್ದಕ್ಕೂ ನಾನೇ ಇದನ್ನು ಕಿತ್ತಿದ್ದೇನೆ, ತೀರ್ಪಿಗೆ ಮೊದಲು ಈ ಸಂಗತಿ ನಿಮಗೆ ತಿಳಿದಿರಬೇಕು ಎಂದೆ. ಮಹಾದೇವಿ ನನ್ನನ್ನು ನೋಡಿದ ನೋಟವನ್ನು ವರ್ಣಿಸಲಾರೆ. ಗೋಡೆಯಾಚೆ ಪಾರಿಸಣ್ಣನವರು ಹಣೆ ಬಡಿದುಕೊಂಡ ಸದ್ದು ಕೇಳಿತು. ಶಬಾನಾ ಅವರು ಸೊಂಟದ ಮೇಲೆ ಕೈಯಿಟ್ಟು, “ಸಾಹೇಬ್ರ, ನೀವು ಯಾ ಕಡೀ ವಕೀಲ್ರು?” ಎಂದು ಕೇಳಿದರು. ಉತ್ತರಕ್ಕೆ ಕಾಯದೆ ತಾವೇ ಮುಂದುವರಿಸಿದರು: “ಬಿತ್ತಿದ್ದು ಅಂತ ನಿಯಮದಾಗ ಎಲ್ಲೂ ಇಲ್ಲ. ಬೇರು ಹಿಡದ ಹಸರು ಅಂತ ಐತಿ. ಜಗ್ಗಿದ್ನಿ, ಬರಲಿಲ್ಲ. ಮುಗೀತು.” ಆಗ ಮಹಾದೇವಿ, ಇಷ್ಟು ದಿನಗಳ ಮೇಲೆ ಮೊದಲ ಬಾರಿ, ನನಗೆ ಕೇಳುವಂತೆ ಮಾತಾಡಿದಳು: “ನಮ್ಮಕೀನೂ ಹಂಗ ಇದ್ಲು. ಎಷ್ಟು ಜಗ್ಗಿದ್ರೂ ತನ್ನ ಮಾತು ಬಿಡ್ತಿದ್ದಿಲ್ಲ.”

ಪಂಚರ ಮುಂದೆ ಮಂಡಿಸಲೆಂದು ನಾನು ಒಂದು ದೀರ್ಘವಾದ ಭಾಷಣ ಸಿದ್ಧಪಡಿಸಿಕೊಂಡಿದ್ದೆ. ಅದರ ಅಗತ್ಯ ಬೀಳಲಿಲ್ಲ. ಇಷ್ಟು ಹಗುರವಾಗಿ ನಾನು ಯಾವ ಸಭೆಯಿಂದಲೂ ಮನೆಯೊಳಗೆ ನಡೆದು ಬಂದವನಲ್ಲ.

ಮಾನ್ಯರೇ, ನಿಮ್ಮ ಮೇಲಿನ ನನ್ನ ಆರೋಪಗಳು ಹಾಗೆಯೇ ಇವೆ. ನೀವು ಆ ಹುಲ್ಲಿಗೆ ಸುರಿದ ನೀರು ನಮ್ಮದೂ ಆಗಿತ್ತು. ಆದರೆ ಭಾಷಣದ ಕೊನೆಯ ವಾಕ್ಯವನ್ನು ಹಿಂತೆಗೆದುಕೊಳ್ಳುತ್ತೇನೆ. ಆ ಚರ್ಚೆಯಲ್ಲಿ ಗೆದ್ದವಳು ನೀಲಾ. ದಯವಿಟ್ಟು ಆ ಗೆಲುವನ್ನು ಅವಳ ಹೆಸರಿಗೆ ಬರೆದುಕೊಳ್ಳಿ.

ಇನ್ನು ಕೋರಿಕೆ. ನಿಮ್ಮಲ್ಲಿ ಈಗ ವಸಂತವಿರಬಹುದು. ಆಲಿಕಲ್ಲು ಬಿದ್ದು ನಿಮ್ಮ ಹುಲ್ಲುಹಾಸು ಕೆಸರಾಗಿರಬಹುದು, ಗರಿಕೆ ಅಂಚು ದಾಟಿ ಹೂವಿನ ಪಾತಿಗೆ ನುಗ್ಗಿರಬಹುದು. ಆ ಇಟ್ಟಿಗೆಗಳ ಸಂದಿಗೆ ಸಿಮೆಂಟು ಮೆತ್ತಿಸಿದರೆ ಚೊಕ್ಕಟವಾಗಿ ಕಾಣುತ್ತದೆ ಎಂದು ಯಾರಾದರೂ ಹೇಳಿದರೆ, ಬೇಡ ಎನ್ನಿ. ಪಾತಿಯೊಳಗಿನದನ್ನು ಬೇಕಾದಷ್ಟು ಕೀಳಿರಿ, ಸಂದಿಯೊಳಗಿನದನ್ನು ಬಿಡಿ. ಸಾಲನ್ನು ನೇರ ಮಾಡಲೂ ಹೋಗಬೇಡಿ.

ನಿನ್ನೆ ಸಂಜೆ ನಾನೂ ಮಹಾದೇವಿಯೂ ಅಲ್ಲಿ ಕುಳಿತಿದ್ದೆವು. ಇಬ್ಬರಿಗೆ ಸಾಲದಷ್ಟು ಚಿಕ್ಕ ಜಾಗ. ನನ್ನ ಕಾಲುಗಳು ಮುರಿದ ಬದನೆಗಿಡಗಳ ನಡುವೆ ಚಾಚಿದ್ದವು. ಪಾರಿಸಣ್ಣನವರು ಗೋಡೆಯಾಚೆಯಿಂದ ಏನೋ ಕೆಣಕಿದರು. ಅದಕ್ಕೆ ಸರಿಯಾದ ಉತ್ತರವೂ ನನ್ನ ನಾಲಿಗೆಯ ಮೇಲಿತ್ತು. ಆದರೆ ನೆಲ ಮೆತ್ತಗಿತ್ತು, ಸುಮ್ಮನೆ ಕುಳಿತೆ.

ನಿಮ್ಮ ಅಂಗಳದ ಈಗಿನ ನಿವಾಸಿ,
ಶಂಭುಲಿಂಗ ಹಂಚಿನಮನಿ,
ನೀಲಾಂಬಿಕೆಯ ತಂದೆ