ಚಳಿ ಮೈಯವಳ ಜೇಬಿನ ಬೆಲ್ಲ

ರಾಕ್‌ವಿಲ್, ಮೇರಿಲ್ಯಾಂಡ್
ಜುಲೈ ೨೮, ೧೯೯೬

ಪ್ರೀತಿಯ ಕಾತ್ಯಾಯಿನಿ ಚಿಕ್ಕಮ್ಮನಿಗೆ,

ವೇದಾಳ ನಮಸ್ಕಾರ. ನಿನ್ನ ಕಾಗದ ಬಂದು ತಿಂಗಳಾಯಿತು. ಬೈದುಕೊಂಡಿರುತ್ತೀಯ, ಬೈದುಕೋ. ಪುರುಸೊತ್ತಿರಲಿಲ್ಲ ಎಂದು ಸುಳ್ಳು ಹೇಳುವುದಿಲ್ಲ. ನಿನ್ನ ಪ್ರಶ್ನೆಗೆ ಹೆದರಿ ಕೂತಿದ್ದೆ. "ಪಿಕ್‌ನಿಕ್ ಫೋಟೋದಲ್ಲಿ ಎಲ್ಲರೂ ಚಡ್ಡಿ ಬನಿಯನ್ನಿನಲ್ಲಿದ್ದಾರೆ, ನೀನೊಬ್ಬಳೇ ಉಣ್ಣೆ ಸ್ವೆಟರ್ ಹಾಕ್ಕೊಂಡಿದ್ದೀಯಲ್ಲೇ, ಜ್ವರವಾ?" ಎಂದು ಕೇಳಿದ್ದೆಯಲ್ಲ.

ಇಲ್ಲಿಯ ಬೇಸಿಗೆ ಅಂದರೆ ಇಡ್ಲಿ ಪಾತ್ರೆಯೊಳಗೆ ಕೂತ ಹಾಗೆ. ಮೆಟ್ರೋ ಇಳಿದು ವಾಷಿಂಗ್ಟನ್ನಿನ ಆಫೀಸಿಗೆ ನಡೆಯುವಷ್ಟರಲ್ಲಿ ಬೆನ್ನೆಲ್ಲ ತೊಯ್ದಿರುತ್ತದೆ. ಕೇಳಿದವರಿಗೆಲ್ಲ ಆಫೀಸಿನಲ್ಲಿ ಏಸಿ ಜಾಸ್ತಿ ಅನ್ನುತ್ತೇನೆ. ನಂಬುತ್ತಾರೆ, ಪಾಪ. ನಿನಗೆ ಆ ಸುಳ್ಳು ಹೇಗೆ ಹೇಳಲಿ? ಆ ವಿದ್ಯೆ ಕಲಿತದ್ದೇ ನಿನ್ನಿಂದ.

ನೆನಪಿದೆಯಾ, ಏಪ್ರಿಲ್ ಬಿಸಿಲಲ್ಲಿ ಮಹಡಿಯ ಮೇಲೆ ಸಂಡಿಗೆ ಇಡುವಾಗಲೂ ನಿನ್ನ ಮೈಮೇಲೆ ಆ ಕುಂಕುಮ ಬಣ್ಣದ ಸ್ವೆಟರ್. ತಂಗಿ ಹರಿಣಿ, "ಸೆಖೆ ಆಗಲ್ವಾ ಚಿಕ್ಕಮ್ಮ?" ಅಂದರೆ ನೀನು, "ನಂದು ಚಳಿ ಮೈ ಕಣೇ" ಅನ್ನುತ್ತಿದ್ದೆ. ಕಾಗೆ ಓಡಿಸಿದ ನಮಗೆ ಸಂಬಳವೆಂದು ಜೇಬಿನಿಂದ ಬೆಲ್ಲದ ಚೂರು. ಅದು ಕರಗಿ ಜೇಬಿಗೇ ಅಂಟಿರುತ್ತಿತ್ತು. ಉಣ್ಣೆಯ ಎಳೆ ಸಮೇತ ಕಿತ್ತು ತಿನ್ನುತ್ತಿದ್ದೆವು. ಅಂಥ ಬೆಲ್ಲ ನಾನು ಆಮೇಲೆ ತಿಂದಿಲ್ಲ. ಚಳಿ ಮೈಯವಳ ಜೇಬಿನಲ್ಲಿ ಬೆಲ್ಲ ಯಾಕೆ ಕರಗುತ್ತದೆ ಎಂದು ಮಾತ್ರ ನಮಗೆ ಹೊಳೆಯಲಿಲ್ಲ.

ದೊಡ್ಡವಳಾದ ಮೇಲೆ ಗೊತ್ತಾಯಿತು, ಆದರೆ ಅರ್ಥವಾದದ್ದು ಈಗ. ಯುಗಾದಿಯ ಹೊತ್ತಿಗೆ ನನ್ನ ಮೊಣಕೈ ಮೇಲೊಂದು ಬಿಳಿ ಮಚ್ಚೆ ಕಾಣಿಸಿತು. ಈಗ ಎರಡೂ ಕೈಗೆ ಹಬ್ಬಿದೆ. ತೊನ್ನು, ಚಿಕ್ಕಮ್ಮ. ನಿನಗಿರುವುದೇ. ಅಂಟುರೋಗವಲ್ಲ, ಹೆದರಬೇಡಿ ಎಂದರು ಡಾಕ್ಟರು. ನನ್ನ ಗುರುದತ್‌ಗಂತೂ ಏನೂ ಅನ್ನಿಸಿಲ್ಲ. "ಜನ ನೋಡೋದು ನಿನ್ನ ಕೈಯನ್ನಲ್ಲ ಕಣೇ, ಈ ಸೆಖೇಲಿ ಸ್ವೆಟರ್ ಹಾಕಿರೋದನ್ನ. ತೆಗೆದುಬಿಡು" ಅಂತ ನಗುತ್ತಾರೆ. ಮಾತು ಸರಿಯೇ. ಆದರೂ ಗುಂಡಿ ಬಿಚ್ಚಲು ಕೈ ಬರುವುದಿಲ್ಲ.

ಹರಿಣಿಯ ಮದುವೆಗೆ ಶ್ರಾವಣದಲ್ಲಿ ಬರುತ್ತಿದ್ದೇವೆ, ಟಿಕೆಟ್ ಆಗಿದೆ. ನಿನ್ನ ಮಂಡಿನೋವಿಗೆ ಇಲ್ಲಿಯ ಮುಲಾಮು ತರುತ್ತೇನೆ. ಅಲ್ಲಿಯವರೆಗೆ ಮೆಟ್ಟಿಲು ಹತ್ತಬೇಡ. ನನ್ನ ತಲೆಯ ಮೇಲೆ ನಿನ್ನ ಕೈ ಸದಾ ಇರಲಿ.

ನಿನ್ನ ಮಗಳೇ ಆದ,
ವೇದಾ

ವಿ.ಸೂ.: ಬರೆಯಬಾರದು ಅಂದುಕೊಂಡಿದ್ದೆ, ತಡೆಯಲಾಗಲಿಲ್ಲ. ಅಮ್ಮನಿಗೂ ಮಚ್ಚೆಯ ವಿಷಯ ತಿಳಿಸಿದ್ದೆ. ಹೇಗಿದ್ದೀಯ ಎಂದು ಒಂದು ಮಾತು ಕೇಳಲಿಲ್ಲ. "ಬೀಗರ ಕಣ್ಣಿಗೆ ಬೀಳಬೇಡ. ತುಂಬುತೋಳಿನ ರವಿಕೆ ಹಾಕ್ಕೊಂಡು ಕಾತ್ಯಾಯಿನಿ ಜೊತೆ ಉಗ್ರಾಣದಲ್ಲೇ ಇರು. ನನ್ನ ಮದುವೇಲಿ ಅವಳೂ ಹಾಗೇ ಇದ್ದಳು" ಎಂದು ಬರೆದಿದ್ದಾಳೆ. ಓದಿ ಅತ್ತುಬಿಟ್ಟೆ, ನನಗಾಗಿ ಸ್ವಲ್ಪ, ನಿನಗಾಗಿ ಹೆಚ್ಚು. ಹರಿಣಿಗೆ ಫೋನ್ ಮಾಡಿದೆ. "ಗಂಡಿನ ಮನೆಯವರಿಗೆಲ್ಲ ನಾನೇ ಹೇಳ್ತೀನಿ ಅಕ್ಕ. ಧಾರೆ ಹೊತ್ತಿಗೆ ನೀವಿಬ್ಬರೂ ನನ್ನ ಪಕ್ಕದಲ್ಲೇ ನಿಂತಿರಬೇಕು" ಅಂದಳು. ಆದ್ದರಿಂದ ಚಿಕ್ಕಮ್ಮ, ದರ್ಜಿಗೆ ನಿನ್ನ ಅಳತೆಯ ರವಿಕೆ ಕೊಟ್ಟು ಗಿಡ್ಡ ತೋಳು ಎಂದು ಹೇಳು. ನನ್ನದನ್ನೂ ಹಾಗೇ ಹೊಲಿಸುತ್ತೇನೆ. ನೀನು ಸ್ವೆಟರ್ ತೆಗೆದರೆ ನಾನೂ ತೆಗೆಯುತ್ತೇನೆ. ಒಬ್ಬಳೇ ತೆಗೆಯಲು ನನಗೆ ಧೈರ್ಯವಿಲ್ಲ.