ಮೂವತ್ತೆಂಟನೆಯ ತೋಟಾ

ಅಕ್ಟೋಬರ್ 12, ಶನಿವಾರ. ಮೊಂಟಾನಾ.

ನಿನ್ನೆ ಅಣ್ಣ ಆರ್ವಿಡ್‌ನ ರಿವಾಲ್ವರಿನ ಐವತ್ತು ತೋಟಾಗಳಿಗೆ ನಾನು ಕರಿಮದ್ದು ತುಂಬುತ್ತಿದ್ದಾಗ ಫೋನ್ ಬಂದು ಗಮನ ತಪ್ಪಿತ್ತು. ಒಂದಕ್ಕೆ ಮದ್ದು ಹಾಕಲೇ ಇಲ್ಲವೇನೋ ಎಂಬ ಅನುಮಾನ ಬೆಳಗಿನವರೆಗೂ ಬಿಡಲಿಲ್ಲ. ಮದ್ದಿಲ್ಲದ ತೋಟಾದ ಗುಂಡು ನಳಿಗೆಯಲ್ಲೇ ಸಿಕ್ಕಿಕೊಂಡರೆ, ಅದರ ಹಿಂದೆ ಹಾರಿಸಿದ ಗುಂಡಿಗೆ ರಿವಾಲ್ವರ್ ಅವನ ಕೈಯಲ್ಲೇ ಸಿಡಿಯುತ್ತದೆ. ಹನ್ನೊಂದು ವರ್ಷ ಮಾತು ಬಿಟ್ಟಿದ್ದವನು ಈ ಬೇಸಿಗೆಯಲ್ಲಷ್ಟೇ ಮತ್ತೆ ನನ್ನನ್ನು ನಂಬಿದ್ದ.

ಬೆಳಿಗ್ಗೆ ಗುಂಡು ಹಾರಿಸುವ ಸ್ಪರ್ಧೆಗೆ ಹೊರಡುವ ಮೊದಲು ಅವನಿಗೆ ಹೇಳಿಬಿಟ್ಟೆ. ಬೈಯಲಿಲ್ಲ. "ತಕ್ಕಡಿ ತಗೊಂಬಾ," ಎಂದ. ಒಂದೊಂದಾಗಿ ತೂಗಿದೆವು. ಮೂವತ್ತೆಂಟನೆಯದು ಹಗುರವಾಗಿತ್ತು. ಗುಂಡು ಕಿತ್ತು ನೋಡಿದರೆ ಒಳಗೆ ಏನೂ ಇಲ್ಲ.

"ನೀನು ಬಾಯಿ ಮುಚ್ಕೊಂಡಿದ್ದಿದ್ರೆ ನನ್ನ ಬೆರಳು ಹೋಗ್ತಿದ್ವು ಕಣೇ," ಎಂದು ಆ ಖಾಲಿ ತೋಟಾವನ್ನು ನನ್ನ ಕೈಗಿಟ್ಟ. "ತಗೋ, ಇದನ್ನೂ ನೀನೇ ತುಂಬು."

ತುಂಬಿದೆ. ಸ್ಪರ್ಧೆಯಲ್ಲಿ ಅದನ್ನೇ ಮೊದಲು ಹಾರಿಸಿದ. ಗುರಿ ತಪ್ಪಿತು, ಇಬ್ಬರೂ ನಕ್ಕೆವು. ಈಗ ನಿದ್ದೆ ಎಳೆಯುತ್ತಿದೆ.